ಅರ್ಧ ಗೇಣು

ಧರೆಪ್ಪನ ರುಮಾಲು ಕಾರಿನ ಟಾಪಿಗೆ ತಾಗಿ ಓರೆಯಾಯಿತು. ಸರಿಮಾಡಿಕೊಂಡು, ಬಗ್ಗಿ ಮತ್ತೆ ಕೂರಲು ನೋಡಿದ. ಮತ್ತೆ ತಾಗಿತು.

ಹೊರಗೆ ನಿಂತಿದ್ದ ಮಗ ಗುರುಪಾದ ಟಾಪನ್ನೂ ಅಪ್ಪನ ರುಮಾಲನ್ನೂ ನೋಡಿದ. ಲೋಕಾಪುರದ ತನ್ನ ಗ್ಯಾರೇಜಿನ ಗೋಡೆಯ ಮೇಲೆ ಆರು ತಿಂಗಳಿಂದ ಅವನು ಸೀಮೆಸುಣ್ಣದ ಖಡುವಿನಲ್ಲಿ ತಾನೇ ಕಟ್ಟುವ ಗಾಡಿಯ ನಕ್ಷೆ ಬರೆಯುತ್ತಿದ್ದ: ಗುಜರಿಯ ಜೀಪಿನ ಎಂಜಿನ್, ಸುಮೋದ ಗಾಲಿ, ಮಾರುತಿಯ ಸೀಟು. ಎಂಜಿನ್ ಇನ್ನೂ ಗೋಡೆಯ ಮೇಲೆಯೇ ಇತ್ತು. ಬಾಡಿ ಮಾತ್ರ ಅಪ್ಪ ಮೂವತ್ತು ವರ್ಷ ಬಾಡಿಗೆಗೆ ಓಡಿಸಿದ ಅಂಬಾಸಿಡರಿನದು. ರೇಸಿನ ಗಾಡಿಯಂತೆ ತಗ್ಗಾಗಿ ಕಾಣಲೆಂದು ಅದರ ಟಾಪನ್ನು ಅರ್ಧ ಗೇಣು ಕೊಯ್ದು ಇಳಿಸಿದ್ದ.

"ಅದನ್ಯಾಕ ಕೊಯ್ಯಾಕತ್ತೀಯೋ?" ಎಂದು ಅಪ್ಪ ಅಂದೇ ಕೇಳಿದ್ದ.

"ಸುಮ್ನಿರು ಯಪ್ಪಾ, ನಿನಗಿದು ತಿಳಿಯಂಗಿಲ್ಲ," ಅಂದಿದ್ದ ಗುರುಪಾದ. ಗಾಡಿಯಲ್ಲಿ ಮೊದಲು ಕೂರಬೇಕಾದವನು ಮನೆಯ ಹಿರಿಯ. ಎಲ್ಲದರ ಅಳತೆ ಹಿಡಿದವನು ಆ ಹಿರಿಯನ ತಲೆಯದೊಂದನ್ನು ಬಿಟ್ಟಿದ್ದ.

"ತಪ್ಪಾತು ಯಪ್ಪಾ, ಇಳಿ ಕೆಳಗ," ಅಂದ ಈಗ.

"ಇರ್ಲಿ ಬಿಡೋ. ಗಾಡಿ ಛಲೋ ಆಗೇತಿ."

ಧರೆಪ್ಪ ಎರಡೂ ಕೈಯಿಂದ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತ.

ಅಪ್ಪನ ಬರಿತಲೆಯನ್ನು ಗುರುಪಾದ ಈ ಮೊದಲು ನೋಡಿದ್ದು ಒಂದೇ ಸಲ, ಅವ್ವನನ್ನು ಮಣ್ಣು ಮಾಡಿದ ದಿನ.