ಮೇಲೇರುತ್ತಿದ್ದ ತಳ

ಗಂಗೊಳ್ಳಿಯ ಸಮುದ್ರ ಹೆಪ್ಪುಗಟ್ಟಿದ ಮೇಲೆ ಜನ ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕುತ್ತಿದ್ದರು. ನೀರಿನ ಆಳ ಅಳೆಯುವ ಸೋನಾರಿನ ಬ್ಯಾಟರಿ ಚಳಿಗೆ ಸಾಯದಂತೆ ಮುಕ್ತಾ ಅದನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಇವತ್ತು ಪರದೆಯಲ್ಲಿ ಸಮುದ್ರದ ತಳ ಅರ್ಧ ಆಳದಲ್ಲೇ ಕಾಣಿಸಿತು. ನೀರಿಗಿಳಿಸಿದ ಸೆನ್ಸರಿಗೆ ಹಿಮ ಅಂಟಿರಬೇಕೆಂದು ಅದನ್ನು ಮೇಲೆತ್ತಿ, ಒರೆಸಿ, ಮತ್ತೆ ಇಳಿಸಿದಳು. ತಳ ಇನ್ನಷ್ಟು ಮೇಲೆ ಬಂದಿತ್ತು.

"ಎಂತ, ನಿನ್ ಡಬ್ಬಿಗೂ ಚಳಿಜ್ವರವಾ?" ಪಕ್ಕದ ತೂತಿನ ಬಳಿ ಗಂಡ ಶೀನ ನಕ್ಕ. "ಇಲ್ಕಾಣ್, ಮೀನ್ ತಾನಾಗೇ ಮೇಲ್ ಬತ್ತಾ ಇತ್ತ್."

ಮೀನುಗಳು ಯಾವುದಕ್ಕೆ ಹೆದರಿ ಮೇಲೆ ಬರುತ್ತಿವೆಯೆಂದು ಅವಳಿಗೆ ಹೊಳೆಯಿತು. ಪರದೆಯಲ್ಲಿ ಕಂಡದ್ದು ತಳವಲ್ಲ.

"ಹ್ವಾಯ್, ಮೀನ್ ಅಲ್ಲೇ ಬಿಡಿ," ಎಂದಳು ಪಿಸುಮಾತಿನಲ್ಲಿ. "ಬೂಟ್ ತೆಗ್ದ್ ಬನ್ನಿ."

ಬೂಟಿನ ಸದ್ದು ಕೆಳಗಿರುವುದಕ್ಕೆ ಕೇಳಿಸುತ್ತದೆಂದು ಊರಿನ ಮಕ್ಕಳಿಗೂ ಗೊತ್ತಿತ್ತು. ಶೀನನ ನಗು ನಿಂತಿತು. ಅವನು ಬಗ್ಗಿ ಲೇಸು ಬಿಚ್ಚತೊಡಗಿದ.