ಬರ್ಲಿನ್ನಿನ ಕಲ್ಲು

ಸುತ್ತಿಗೆ ಸಿಗದೆ ಅಡಿವೆಪ್ಪ, ಬರ್ಲಿನ್ನಿನಿಂದ ತಂದ ಗೋಡೆಯ ಚೂರಿನಿಂದಲೇ ಹಿತ್ತಲ ಬೇಲಿಯ ಸಡಿಲ ಹಲಗೆಗೆ ಮೊಳೆ ಹೊಡೆಯುತ್ತಿದ್ದ. ಆ ಹಲಗೆಯ ಸಂದಿಯಿಂದಲೇ ಪ್ರತಿ ವರ್ಷ ಹೆಂಡತಿ ಗುರುದೇವಿ, ಆಚೆ ಮನೆಯ ನೆಗೆಣ್ಣಿಗೆ ಕದ್ದು ಪಂಚಮಿ ಉಂಡಿ ದಾಟಿಸುತ್ತಿದ್ದಳು.

“ಮೊನ್ನೆ ಆ ಗೋಡಿ ಗುರುತಿನ ಗುಂಟ ಮೂರು ತಾಸು ನಡದ್ರಿ,” ಎಂದಳು ಗುರುದೇವಿ. “ಅಣ್ಣ ಈ ಕಡೆ, ತಮ್ಮ ಆ ಕಡೆ ಉಳದ್ರು ಅಂತ ಗೈಡ್ ಹೇಳಿದಾಗ ಕಣ್ಣೀರ ಹಾಕಿದ್ರಿ.”

“ಅವರನ್ನ ಸರ್ಕಾರ ಅಗಲಿಸಿತ್ತು,” ಎಂದು ಅಡಿವೆಪ್ಪ ಮತ್ತೊಂದು ಏಟು ಹಾಕಿದ.

ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ಅಕ್ಕಪಕ್ಕದ ಮನೆಗಳಲ್ಲಿದ್ದ ಈ ಅಣ್ಣತಮ್ಮಂದಿರು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಬೇಲಿಯಾಚೆ ಹೆಜ್ಜೆ ಸಪ್ಪಳ ಕೇಳಿ ಅಡಿವೆಪ್ಪನ ಕೈ ನಿಂತಿತು.

“ಅಣ್ಣಾ,” ಎಂದ ತಮ್ಮ ಶಿವಪುತ್ರ.

ಅಡಿವೆಪ್ಪನ ಕೈಯಿಂದ ಕಲ್ಲು ಜಾರಿತು. ಆಚೆಯಿಂದ ತಮ್ಮನೇ ಮುಂದುವರಿಸಿದ:

“ಕೆಳಗ ಇನ್ನೂ ಸಡ್ಲ ಐತಿ. ಇನ್ನೊಂದ ಮೊಳಿ ಹೊಡಿ.”