ತೊಳೆದಿಟ್ಟ ಬಟ್ಟಲು

"ಅದು ನನ್ನ ಗಂಡ ಅಲ್ಲ," ಎಂದಳು ದಮಯಂತಿ. "ಅವರು ನಿನ್ನೆ ಮನೆಯಲ್ಲಿ ಊಟ ಮಾಡಿದ್ದಾರೆ."

ಹೆಡ್ ಕಾನ್‌ಸ್ಟೆಬಲ್ ಅಚ್ಚುತ ಪೆನ್ನು ಕೆಳಗಿಟ್ಟರು. ಹೊಳೆಯಲ್ಲಿ ಸಿಕ್ಕಿದ ಶವದ ಮುಖ ಗುರುತು ಸಿಗದಷ್ಟು ಊದಿತ್ತು. ಸತ್ತು ಐದು ದಿನವಾಗಿದೆ ಎಂದಿದ್ದರು ಡಾಕ್ಟರು. ಮೈಮೇಲೆ ಸೆಕ್ಯೂರಿಟಿಯವರ ಅಂಗಿ. ಐದು ದಿನದಿಂದ ಕೆಲಸಕ್ಕೆ ಬಾರದ ಇಬ್ಬರ ಹೆಸರನ್ನು ಏಜೆನ್ಸಿ ಕೊಟ್ಟಿತ್ತು. ಒಬ್ಬ ದಮಯಂತಿಯ ಗಂಡ ಬೋಜಪ್ಪ. ಇನ್ನೊಬ್ಬ ಹೊರರಾಜ್ಯದವನು, ಅವನಿಗೆ ವಿಳಾಸವೇ ಇರಲಿಲ್ಲ.

"ಏಜೆನ್ಸಿಯವರು ಬರಲಿಲ್ಲ ಅಂತಾರಲ್ಲ ಅಕ್ಕ?"

"ಯಾರನ್ನು ಎಲ್ಲಿ ನಿಲ್ಲಿಸಿದ್ದು ಅಂತ ಅವರಿಗೇ ನೆನಪಿರುದಿಲ್ಲ. ಈಗಲೂ ಎಲ್ಲೋ ಡ್ಯೂಟಿಯಲ್ಲಿ ಇರ್ತಾರೆ ನೋಡಿ."

"ನೀವು ಕಣ್ಣಾರೆ ನೋಡಿದ್ದು ಯಾವಾಗ?"

ದಮಯಂತಿ ಬೆರಳು ಮಡಚಿ ಲೆಕ್ಕ ಹಾಕಿದಳು. ಬೆಳಿಗ್ಗೆ ಆರಕ್ಕೆ ಗೇರುಬೀಜದ ಫ್ಯಾಕ್ಟರಿಯ ವ್ಯಾನ್ ಅವಳನ್ನು ಪುತ್ತೂರಿಗೆ ಒಯ್ಯುತ್ತದೆ. ತಿರುಗಿ ಕಡಬದಲ್ಲಿ ಇಳಿಸುವಾಗ ಎಂಟು ಗಂಟೆ. ರಾತ್ರಿ ಪಾಳಿ ಮುಗಿಸಿದ ಬೋಜಪ್ಪ ಮನೆ ಸೇರುವುದು ಹತ್ತಕ್ಕೆ. ಮಲಗಿ ಎದ್ದು ನಾಲ್ಕಕ್ಕೆ ಮತ್ತೆ ಹೊರಡುತ್ತಾನೆ. ಭಾನುವಾರ ಅವನಿಗೆ ಎರಡು ಪಾಳಿ.

"ಪಂಜದಲ್ಲಿ, ತಮ್ಮನ ಹೊಸ ಮನೆಯ ಒಕ್ಕಲಿಗೆ. ತಿಂಗಳ ಮೇಲಾಯ್ತು. ಅಲ್ಲಿಯೂ ಎಲೆ ಹಾಕುವಾಗ ಡ್ಯೂಟಿಯಿಂದ ಫೋನು. ಉಣ್ಣದೇ ಹೋದರು."

"ಫೋನಿನಲ್ಲಾದರೂ ಮಾತಾಡ್ತೀರಲ್ಲ?"

"ನನ್ನದನ್ನು ಫ್ಯಾಕ್ಟರಿ ಗೇಟಿನಲ್ಲಿ ಕೊಡಬೇಕು. ಅವರದ್ದು ನಿದ್ದೆಗೆ ಅಂತ ಆಫ್, ಮತ್ತೆ ಆನ್ ಮಾಡ್ಲಿಕ್ಕೆ ನೆನಪೇ ಇರುದಿಲ್ಲ, ಈಗಲೂ ಆಫ್. ಮಾತಾಡ್ಲಿಕ್ಕೆ ಎಂತ ಉಂಟು ಮಾರಾಯ್ರೆ? ನಾನು ಬಡಿಸಿ ಮುಚ್ಚಿಡ್ತೇನೆ. ಅವರು ಉಂಡು ಬಟ್ಟಲು ತೊಳೆದು ಕವುಚಿ ಇಡ್ತಾರೆ. ನಮ್ಮ ಸಂಸಾರ ಅಷ್ಟೇ."

"ನಿನ್ನೆಯೂ?"

"ನಿನ್ನೆ ಬಂಗುಡೆ ಮೀನು. ನಡುವಿನ ತುಂಡು ಅವರಿಗೆ. ಮೊದಲೆಲ್ಲ ಒಗ್ಗರಣೆಯ ಬೇವಿನ ಸೊಪ್ಪನ್ನೂ ಹೆಕ್ಕಿ ಬದಿಗಿಡುವ ಗಂಡಸು. ಈಗ ಒಂದು ವರ್ಷದಿಂದ ಅನ್ನದ ಅಗಳು ಬಿಟ್ಟದ್ದಿಲ್ಲ. ಮೀನಿನ ಮುಳ್ಳು ಸಹ ಕಾಣುದಿಲ್ಲ."

"ಮುಳ್ಳನ್ನೂ ತಿಂತಾರಾ? ನಿಮ್ಮ ಕೈರುಚಿ ಹಾಗಿರಬೇಕು!"

ಠಾಣೆಯಲ್ಲಿ ಕೂತಿದ್ದೇನೆಂಬುದನ್ನು ಮರೆತು ದಮಯಂತಿ ನಾಚಿದಳು.

ಪಕ್ಕದಲ್ಲಿ ಮಗಳು ದೀಕ್ಷಿತಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಕಾಲೇಜಿನಿಂದ ನೇರ ಬಂದವಳು. ಅಚ್ಚುತ ಫ್ಯಾನನ್ನು ಅವಳ ಕಡೆ ತಿರುಗಿಸಿದರು. ತನಗೆ ತರಿಸಿದ್ದ ಚಹಾವನ್ನು ಅವಳ ಮುಂದಿಟ್ಟರು.

"ನೀನು ಕಂಡಿದ್ದೀಯಾ ಮಗಾ, ಅಪ್ಪನನ್ನು?"

"ನಾನು ಐದಕ್ಕೆ ಬರುವಾಗ ಅಪ್ಪ ಹೋಗಿರ್ತಾರೆ."

"ಹೆದರಬೇಡ. ನಿನ್ನ ಅಪ್ಪ ಅಲ್ಲ ಅಂತ ಆಯ್ತಲ್ಲ. ಚಹಾ ಕುಡಿ."

ಅವಳು ಲೋಟ ಮುಟ್ಟಲಿಲ್ಲ.

"ಆದರೂ ಆಸ್ಪತ್ರೆಗೆ ಬಂದು ಒಮ್ಮೆ ನೋಡ್ತೀರಾ ಅಕ್ಕ?"

"ಬೇರೆಯವರ ಗಂಡನನ್ನು ನಾನು ನೋಡಿ ಎಂತ ಮಾಡುದು?"

ಅಚ್ಚುತ ಬರೆದದ್ದನ್ನು ಓದಿ ಹೇಳಿದರು. ಗಂಡ ಕಾಣೆಯಾಗಿಲ್ಲ, ದಿನವೂ ಮನೆಗೆ ಬರುತ್ತಿದ್ದಾನೆ. "ಇಲ್ಲಿ ಸಹಿ ಮಾಡಿ. ಅನಾಥ ಶವ ಅಂತ ಇವತ್ತೇ ಹೂಳ್ತೇವೆ. ಇನ್ನು ಇಡ್ಲಿಕ್ಕೆ ಆಗುದಿಲ್ಲ."

ದಮಯಂತಿ ಪೆನ್ನು ತೆಗೆದುಕೊಂಡಳು. ಕೈ ತಡೆಯಿತು.

"ಪಾಪ, ಯಾವ ತಾಯಿಯ ಮಗನೋ. ಹಾಗೇ ಮಣ್ಣಿಗೆ ಹಾಕಬೇಡಿ ಸರ್. ಮನೆಯಲ್ಲಿ ಇವರ ಹೊಸ ಪಂಚೆ ಒಂದುಂಟು, ಉಟ್ಟದ್ದೇ ಇಲ್ಲ. ಇವಳ ಹತ್ತಿರ ಕಳಿಸ್ತೇನೆ, ಹೊದೆಸಿ."

ಅಚ್ಚುತ ತಲೆಯಾಡಿಸಿದರು. ಅವಳು ಹೆಸರಿನ ಮೊದಲ ಅಕ್ಷರ ಬರೆದಳು.

ದೀಕ್ಷಿತಾ ಆ ಕೈಯನ್ನು ಹಿಡಿದುಕೊಂಡಳು.

"ಅವ್ವ, ಅಪ್ಪ ಮನೆಯಲ್ಲಿ ಊಟ ಬಿಟ್ಟು ಒಂದು ವರ್ಷ ಆಯ್ತು. ನಿನಗೆ ಬೇಸರ ಆಗ್ತದೆ ಅಂತ, ದಿನಾ ಸಂಜೆ ನೀನು ಮುಚ್ಚಿಟ್ಟದ್ದನ್ನು ಪಕ್ಕದ ಮನೆಯ ನಾಯಿಗೆ ಹಾಕಿ ಬಟ್ಟಲು ತೊಳೆದಿಡುದು ನಾನು."